ಮೇಲಿನ ಮನೆ ಬಾಡಿಗೆಗಿಲ್ಲ

ನಮ್ಮ ಕಟ್ಟಡದಲ್ಲಿ ನೀರಿನ ಮೋಟರಿಗೆ ಇಬ್ಬರು ಬೇಕಿತ್ತು. ಒಬ್ಬರು ಕೆಳಗೆ ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಸ್ವಿಚ್ ಹಾಕಬೇಕು, ಇನ್ನೊಬ್ಬರು ತಾರಸಿಯಲ್ಲಿ ನಿಂತು ಟ್ಯಾಂಕ್ ನೋಡುತ್ತಿರಬೇಕು. ತುಂಬಿದ ಕೂಡಲೇ ಮೇಲಿನವರು ಕೂಗಬೇಕು, ಕೆಳಗಿನವರು ಆರಿಸಬೇಕು. ತಾನಾಗಿಯೇ ನಿಲ್ಲುವ ಮೋಟರು ಊರಲ್ಲೆಲ್ಲ ಬಂದಿದ್ದರೂ ಅಪ್ಪ ಹಾಕಿಸಿರಲಿಲ್ಲ. "ಕೂಗಕ್ಕೆ ಮನುಸ್ರು ಇಲ್ವಾ?" ಅನ್ನುತ್ತಿದ್ದರು. ಆ ಮನುಷ್ಯರು ಯಾರೆಂದರೆ ತಾರಸಿಯ ಮೇಲಿನ ಶೀಟು ಮನೆಗೆ ಬಾಡಿಗೆಗೆ ಬಂದವರು. ಯಾರೇ ಬಂದರೂ ಬೀಗದ ಕೈ ಜೊತೆಗೆ ಈ ಕೆಲಸವನ್ನೂ ಅಪ್ಪ ಒಪ್ಪಿಸಿಬಿಡುತ್ತಿದ್ದರು.

ನಾವು ಕೊಡಿಗೇಹಳ್ಳಿಯ ಹಳಬರು. ತಾತ ರಾಗಿ ಬೆಳೆದ ಜಾಗದಲ್ಲಿ ಅಪ್ಪ ನಾಲ್ಕಂತಸ್ತು ಎಬ್ಬಿಸಿದ್ದರು. ನಾವು ಕೆಳಗೆ, ಬಾಡಿಗೆಯವರು ಮೇಲೆ, ಎಲ್ಲರಿಗಿಂತ ಬಡವರು ಎಲ್ಲಕ್ಕಿಂತ ಮೇಲೆ. ಅಪ್ಪನ ಕೊರಳಲ್ಲಿ ದಪ್ಪ ಸರ, ಗೇಟಿನ ಮುಂದೆ ಬಿಳಿ ಕಾರು, ನನಗೆ ಖಾಸಗಿ ಕಾಲೇಜು, ಕಾಲೇಜಿಗೆ ಹೋಗಲು ವ್ಯಾನು. ಬೀದಿಯಲ್ಲಿ ನನ್ನನ್ನು ಎಲ್ಲರೂ 'ಓನರ್ ಮಗಳು' ಅಂತಲೇ ಕರೆಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಚೆನ್ನಾಗಿಯೇ ಇತ್ತು.

ನಾನು ಮೊದಲ ಪಿಯುಸಿಯಲ್ಲಿದ್ದಾಗ ಶೀಟು ಮನೆಗೆ ತಾಯಿ, ಮಗಳು ಬಂದರು. ತಾಯಿ ಗಂಡನನ್ನು ಕಳೆದುಕೊಂಡವರು, ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಸಂಸಾರ ತೂಗಿಸುತ್ತಿದ್ದರು. ಮಗಳಿಗೆ ನನ್ನದೇ ವಯಸ್ಸು, ಯಲಹಂಕದ ಸರ್ಕಾರಿ ಕಾಲೇಜಿಗೆ ಬಸ್ ಪಾಸಿನಲ್ಲಿ ಓಡಾಡುತ್ತಿದ್ದಳು. ಬಂದ ದಿನವೇ ಅವಳ ಗಂಟಲು ನನ್ನ ತಲೆ ಕೆಡಿಸಿತು. "ಟ್ಯಾಂಕ್ ತುಂಬ್ತು" ಎಂದು ಅವಳು ಕೂಗಿದರೆ ನಮ್ಮದಷ್ಟೇ ಅಲ್ಲ, ಬೀದಿಯ ಎಲ್ಲಾ ಮೋಟರೂ ಆರಬೇಕು, ಹಾಗೆ. ನಾನು ದಡದಡ ಮೆಟ್ಟಿಲು ಹತ್ತಿ ಜಗಳಕ್ಕೇ ಹೋದೆ.

"ಏನು, ಹೆಬ್ಬಾಳದ ತನಕ ಕೇಳಿಸ್ಬೇಕಾ?"

ಅವಳು ಬಟ್ಟೆ ಒಣಹಾಕುತ್ತಾ ತಿರುಗಿಯೂ ನೋಡದೆ ಹೇಳಿದಳು, "ನೀವು ಸೀರಿಯಲ್ ಅಷ್ಟು ಜೋರಾಗಿ ಹಾಕ್ಕೊಂಡ್ರೆ ಇನ್ನೇನ್ ಮಾಡ್ಲಿ? ಅದನ್ನ ದಾಟ್ಕೊಂಡು ಬರ್ಬೇಕಲ್ವಾ ನನ್ ದನಿ?"

ಆ ಕಟ್ಟಡದಲ್ಲಿ ನನಗೆ ಎದುರುತ್ತರ ಕೊಡುವ ಗಂಡಾಗಲಿ ಹೆಣ್ಣಾಗಲಿ ಅದುವರೆಗೆ ಇರಲಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಅವಳು ಆಗ ತಿರುಗಿದಳು. ಬಾಯಲ್ಲಿ ಎರಡು ಕ್ಲಿಪ್ ಕಚ್ಚಿಕೊಂಡೇ ನಕ್ಕಳು.

ಆಮೇಲೆ ಅವಳು ಕೂಗುವ ತನಕ ಕಾಯುವುದನ್ನೇ ನಾನು ಬಿಟ್ಟೆ. ಸ್ವಿಚ್ ಹಾಕುವುದು, ಮೇಲೆ ಓಡುವುದು, ಟ್ಯಾಂಕಿನ ನೆರಳಲ್ಲಿ ಅವಳ ಪಕ್ಕ ಕೂರುವುದು, ನೀರಿನ ಸದ್ದು ಬದಲಾದ ಕೂಡಲೇ ಎದ್ದುಬಿದ್ದು ಇಳಿದು ಆರಿಸುವುದು. ಅವಳು ತನ್ನ ಅಮ್ಮ ಹೊಲಿದ ಬ್ಲೌಸುಗಳಿಗೆ ಹುಕ್ ಹಾಕುತ್ತಾ ಕೂತಿರುತ್ತಿದ್ದಳು. ನನಗೂ ಕಲಿಸಲು ನೋಡಿದಳು. ನಾನು ಹಾಕಿದ ಹುಕ್ಕು ಒಂದೂ ನೆಟ್ಟಗೆ ಕೂರುತ್ತಿರಲಿಲ್ಲ. "ಇದನ್ನ ಹಾಕ್ಕೊಂಡು ಮದ್ವೆಗೆ ಹೋದೋರ ಗತಿ ಗೋವಿಂದ" ಅಂದು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು, ಹಳಿಯ ಕಡೆಯಿಂದ ರೈಲಿನ ಸದ್ದು ಬರುತ್ತಿತ್ತು, ನಾವು ಉಪ್ಪು ಹಾಕಿ ಬೇಯಿಸಿದ ಕಡಲೇಕಾಯಿ ತಿನ್ನುತ್ತಾ ಕೆಲಸಕ್ಕೆ ಬಾರದ ಮಾತೆಲ್ಲ ಆಡುತ್ತಿದ್ದೆವು.

ದಸರಾ ರಜೆಯಲ್ಲಿ ನಾನು ಚಿಕ್ಕಜಾಲದ ಅಜ್ಜಿ ಮನೆಗೆ ಹೋಗಿ ಬಂದೆ. ಬಂದವಳೇ ಮೇಲೆ ಹೋದರೆ ಇವಳು ಮುಖ ಊದಿಸಿಕೊಂಡು ಕೂತಿದ್ದಾಳೆ.

"ಇಷ್ಟು ದಿನ ಕೂಗಿದ್ದೆಲ್ಲ ನಿಮ್ಮಮ್ಮನಿಗೆ. ಕೂಗೋದ್ರಲ್ಲಿ ಖುಷಿನೇ ಇರ್ಲಿಲ್ಲ," ಅಂದಳು.

"ನಂಗೂ ಅಲ್ಲಿ ಊಟ ಸೇರ್ಲಿಲ್ಲ," ಅಂದೆ.

ಅವಳು, "ಇದು ಬರೀ ಫ್ರೆಂಡ್‌ಶಿಪ್ ಅಲ್ಲ ಅನ್ಸುತ್ತೆ ಕಣೇ," ಅಂದಳು.

"ಮತ್ತೇನು?"

"ನಿಂಗೂ ಗೊತ್ತು. ನನ್ ಬಾಯಲ್ಲೇ ಯಾಕೆ ಹೇಳಿಸ್ತೀಯಾ?"

ನನಗೆ ಗೊತ್ತಿತ್ತು. ಆದರೂ ಅವಳ ಬಾಯಲ್ಲೇ ಹೇಳಿಸಿದೆ. ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು. ಹೆದರಿಕೆ ಆಯಿತೇ ಎಂದು ಯಾರಾದರೂ ಕೇಳಿದರೆ, ಆಯಿತು. ಆದರೆ ಅದಕ್ಕಿಂತ ಸಂತೋಷ ಎಷ್ಟೋ ಪಾಲು ದೊಡ್ಡದಿತ್ತು. ಆವತ್ತು ಮೆಟ್ಟಿಲು ಇಳಿಯುವಾಗ ಎದುರು ಸಿಕ್ಕ ಬಾಡಿಗೆಯವರನ್ನೆಲ್ಲ ಚೆನ್ನಾಗಿದೀರಾ ಎಂದು ಕೇಳಿಕೊಂಡು ಬಂದೆ. ಬಾಡಿಗೆ ಜಾಸ್ತಿ ಮಾಡುತ್ತಾರೇನೋ ಎಂದು ಅವರೆಲ್ಲ ಗಾಬರಿಯಾದರಂತೆ.

ನಮ್ಮನ್ನು ಯಾರೂ ಅನುಮಾನಿಸಲಿಲ್ಲ. ಒಬ್ಬ ಹುಡುಗನ ಜೊತೆ ಎರಡು ಮಾತಾಡಿದ್ದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು. ಹುಡುಗಿಯಾದ್ದರಿಂದ ಅಮ್ಮನೇ ಚಕ್ಕುಲಿ ಕಟ್ಟಿ ಮೇಲೆ ಕಳಿಸುತ್ತಿದ್ದಳು. "ಅಕ್ಕತಂಗೀರು ಇದ್ದಂಗವ್ರೆ" ಎಂದು ಎದುರು ಮನೆಯವರಿಗೆ ಹೇಳಿ ಹೆಮ್ಮೆಪಡುತ್ತಿದ್ದಳು. ನಾವು ಮೇಲೆ ಕೂತು ಆ ಚಕ್ಕುಲಿ ತಿಂದು ನಗುತ್ತಿದ್ದೆವು.

ಹಾಗೆ ಬೇಸಿಗೆ ಬಂತು. ಬೋರು ಬತ್ತಿತು. ಎಲ್ಲರ ಹಾಗೆ ನಾವೂ ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಕಾಯುವುದಾಯಿತು. ಒಂದು ಭಾನುವಾರ ಸಂಜೆ ಕೊನೆಗೂ ಟ್ಯಾಂಕರು ಬಂದು ನೆಲದಡಿಯ ಸಂಪು ತುಂಬಿಸಿ ಹೋಯಿತು. ನಾನು ಸ್ವಿಚ್ ಹಾಕಿ ಮೇಲೆ ಹೋದೆ. ಅವಳ ಅಮ್ಮ ಬ್ಲೌಸ್ ಕೊಟ್ಟು ಬರಲು ಹೋಗಿದ್ದರು. ಅವಳು ನನ್ನ ಭುಜಕ್ಕೆ ತಲೆಯಿಟ್ಟು ಏನೋ ಹೇಳುತ್ತಿದ್ದಳು. ಏನು ಎಂದು ಈಗ ನೆನಪಿಲ್ಲ, ಆಗ ಲೋಕದಲ್ಲಿ ಅದಕ್ಕಿಂತ ಮುಖ್ಯವಾದ ವಿಷಯ ಇರಲಿಲ್ಲ. ಟ್ಯಾಂಕು ತುಂಬಿತು. ತುಂಬಿ ನಮಗೆ ಕಾಣದ ಆ ಬದಿಯಿಂದ ಹರಿಯಿತು. ಹರಿದ ನೀರು ಮಳೆ ಪೈಪಿನಲ್ಲಿ ಬೀದಿಗೆ ಇಳಿಯಿತು. ಬೀದಿಯ ಹೆಂಗಸರು ಕೂಗಿ ಹೇಳುವುದು ಬಿಟ್ಟು ಮೊದಲು ಬಿಂದಿಗೆ, ಬಕೆಟ್ಟು ತಂದು ಪೈಪಿನ ಕೆಳಗಿಟ್ಟರು. ಅವರನ್ನು ನಾನು ದೂರುವುದಿಲ್ಲ, ಆ ಬೇಸಿಗೆಯಲ್ಲಿ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಸಂಪು ಬರಿದಾದ ಮೇಲೂ ಮೋಟರು ಓಡಿ ಓಡಿ ಸುಟ್ಟುಹೋಯಿತು. ವಾಸನೆ ಬಂದಾಗಲೇ ನಮಗೆ ಎಚ್ಚರ.

ಅಪ್ಪ ತಾರಸಿಗೆ ಬಂದರು. ನನ್ನ ಕಡೆ ನೋಡಲೇ ಇಲ್ಲ. ನೇರ ಅವಳ ಮುಂದೆ ಹೋಗಿ ನಿಂತರು.

"ಕೂಗೋದು ಯಾರ್ ಕೆಲ್ಸ?"

"ನಂದು ಸಾರ್."

"ನಾನೂ ಇಲ್ಲೇ ಇದ್ದೆ ಅಪ್ಪ," ಅಂದೆ.

"ನೀನ್ ಕೆಳಗ್ ನಡಿ. ನಾನ್ ಕೇಳ್ತಿರೋದು ಇವ್ಳನ್ನ."

ಒಂದೇ ಜಾಗದಲ್ಲಿ ಕೂತು ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ತಪ್ಪೆಲ್ಲ ಅವಳ ತಲೆಗೆ ಹೋಯಿತು. ನಾನು ಓನರ್ ಮಗಳು, ನನ್ನ ಮೈಗೆ ಅದು ಅಂಟಲೇ ಇಲ್ಲ. ಅಷ್ಟರಲ್ಲಿ ಅವಳ ಅಮ್ಮ ಬಂದರು. ಅಪ್ಪ ಒಂದೇ ಮಾತಿನಲ್ಲಿ ಮನೆ ಖಾಲಿ ಮಾಡಿ ಅಂದರು. ಅವರು ಎಷ್ಟು ಕೇಳಿಕೊಂಡರೂ, ಬೇರೆಯವರು ಸಿಗುವ ತನಕ ಇರಿ ಎನ್ನುವಷ್ಟು ಮಾತ್ರ ಇಳಿದರು. ಮರುದಿನವೇ ಗೇಟಿಗೆ ಬೋರ್ಡು ಬಿತ್ತು: ಮೇಲಿನ ಮನೆ ಬಾಡಿಗೆಗೆ ಇದೆ.

ಇನ್ನೊಂದು ಮನೆ ಹುಡುಕುವುದು ಅವರಿಗೆ ಸುಲಭವಿರಲಿಲ್ಲ. ಗಂಡಸಿಲ್ಲದ ಸಂಸಾರ ಅಂದರೆ ಓನರುಗಳು ಮೂಗು ಮುರಿಯುತ್ತಿದ್ದರು, ಹೊಲಿಗೆ ಯಂತ್ರದ ಸದ್ದು ಅಂದರೆ ಬಾಗಿಲೇ ಹಾಕಿಕೊಳ್ಳುತ್ತಿದ್ದರು. ಮನೆ ಸಿಗದಿದ್ದರೆ ಚಿಂತಾಮಣಿಯ ಸೋದರಮಾವನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಆ ಮಾವ ಇವಳ ಓದು ಬಿಡಿಸಿ ತನ್ನ ಅಂಗಡಿಯಲ್ಲಿ ಕೂರಿಸುವುದಕ್ಕೆ ಕಾಯುತ್ತಿದ್ದ. ಅವಳು ಹೋಗುತ್ತಾಳೆ ಅನ್ನುವುದು ಆಗ ನನ್ನ ತಲೆಗೆ ಹತ್ತಿತು.

ಆದರೆ ಬಾಡಿಗೆ ಮನೆ ತೋರಿಸುವುದು ನಮ್ಮಲ್ಲಿ ಮೊದಲಿಂದಲೂ ನನ್ನ ಕೆಲಸ. ಅಮ್ಮನಿಗೆ ಮಂಡಿನೋವು, ಅಪ್ಪ ಸೈಟು ವ್ಯಾಪಾರದಲ್ಲಿ ಊರೂರು ತಿರುಗುವವರು. ಹಾಗಾಗಿ ಬಂದವರನ್ನೆಲ್ಲ ನಾನೇ ಮೇಲೆ ಕರೆದುಕೊಂಡು ಹೋದೆ. ಒಂದೇ ಒಂದು ಸುಳ್ಳು ಹೇಳಲಿಲ್ಲ. ನಮ್ಮ ಮನೆಯ ಬಗ್ಗೆ ನಿಜ ಹೇಳಿದರೆ ಸಾಕಿತ್ತು.

"ಸೆಕೆ ಆಗುತ್ತಾ?" ಎಂದು ಕೇಳಿದ ಇಬ್ಬರು ಐಟಿ ಹುಡುಗರಿಗೆ, "ಮಧ್ಯಾಹ್ನ ಶೀಟ್ ಮೇಲೆ ದೋಸೆ ಹುಯ್ಕೋಬಹುದು, ಗ್ಯಾಸ್ ಉಳಿಯುತ್ತೆ," ಅಂದೆ. ನೀರು ಹೇಗೆ ಎಂದ ಹೆಂಗಸಿಗೆ, "ಬರುತ್ತೆ ಆಂಟಿ, ಬಂದಾಗ. ಮೋಟರ್ ಹಾಕ್ದಾಗ ನೀವೇ ನಿಂತ್ಕೊಂಡು ಕೂಗ್ಬೇಕು, ಗಂಟ್ಲು ಚೆನ್ನಾಗಿದ್ಯಾ?" ಎಂದು ಕೇಳಿದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿರುವವರ ಮಾತೂ ಕೇಳುವುದಿಲ್ಲ ಎಂದು ಒಬ್ಬ ಮೇಷ್ಟರಿಗೆ ಹೇಳಿದೆ. ಬಂದವರು ಬಂದ ಹಾಗೇ ಇಳಿದು ಹೋದರು. ಬ್ರೋಕರ್ ಅಪ್ಪನಿಗೆ, "ನಿಮ್ ಮಗ್ಳು ಇರೋವರ್ಗೂ ಆ ಮನೆ ಹೋಗಲ್ಲ ಬಿಡಿ" ಅಂದನಂತೆ. ನನಗೆ ಯುದ್ಧ ಗೆದ್ದಷ್ಟು ಖುಷಿ.

ಅವಳಿಗೂ ಖುಷಿಯಾಗಿರುತ್ತದೆ ಅಂದುಕೊಂಡಿದ್ದೆ. ಮೇಷ್ಟರು ಇಳಿದು ಹೋದ ಮೇಲೆ ನಗುತ್ತಾ ಒಳಗೆ ಹೋದರೆ ಅವಳ ಕಣ್ಣು ಕೆಂಪಾಗಿತ್ತು.

"ನಗು ಬರ್ತಿದ್ಯಾ ನಿಂಗೆ?" ಅಂದಳು. "ದೋಸೆ ಹುಯ್ಯೋ ಶೀಟ್ ಕೆಳಗೆ ನಾವು ಮಲಗ್ತೀವಿ ಕಣೇ. ನಮ್ಮೆದುರಿಗೇ ನಮ್ ಮನೆ ಹಿಂಗಿದೆ ಹಂಗಿದೆ ಅಂತ ಬಂದೋರಿಗೆಲ್ಲ ಹೇಳಿ ನಗಿಸ್ತೀಯಾ. ಅಮ್ಮ ಆ ಮೂಲೇಲಿ ತಲೆ ಬಗ್ಸಿ ಹೊಲೀತಾ ಕೂತಿರ್ತಾಳೆ, ನೋಡಿದ್ಯಾ ಒಂದ್ಸಲನಾದ್ರೂ?"

"ನಿಂಗೋಸ್ಕರ ತಾನೇ ಮಾಡ್ತಿರೋದು!"

"ನಂಗೋಸ್ಕರ ಅಂದ್ರೆ ನಿಮ್ಮಪ್ಪಂಗೆ ಹೇಳು. ಇವ್ರು ಇರ್ಲಿ ಅಂತ ಹೇಳು. ಯಾಕೆ ಇರ್ಬೇಕು ಅನ್ನೋದೂ ಹೇಳು. ಅದು ಆಗಲ್ಲ ಅಂದ್ರೆ ಬಿಡು, ಓನರ್ ಮಗಳ ಆಟ ನಮಗೆ ಬೇಡ."

ನನಗೆ ರೇಗಿತು. ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಬಹುಮಾನ ಎಂದು ನಾನೂ ಬಾಯಿಗೆ ಬಂದ ಹಾಗೆ ಅಂದೆ. ಹೋಗೋದಿದ್ದರೆ ಹೋಗು ಚಿಂತಾಮಣಿಗೆ, ನನಗೇನು ಅಂದೆ. ಕೆಳಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಅಳುತ್ತಾ ಅಳುತ್ತಾ ಒಂದು ವಿಷಯ ಸ್ಪಷ್ಟವಾಯಿತು: ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಮುಂದಿನ ಭಾನುವಾರ ಚಿಕ್ಕಜಾಲದ ಕಡೆಯಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಗಂಡನಿಗೆ ಏರ್‌ಪೋರ್ಟಿನಲ್ಲಿ ಕೆಲಸ. ಅಪ್ಪ ಮನೆಯಲ್ಲೇ ಇದ್ದರು, ತಾವೇ ಮೇಲೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಅಮ್ಮನೂ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಹತ್ತಿ ಬಂದಳು. ಆ ಹುಡುಗಿಗೆ ಮನೆ ತುಂಬಾ ಇಷ್ಟವಾಯಿತು. ಗಾಳಿ ಚೆನ್ನಾಗಿದೆ ಅಂದಳು, ವಿಮಾನ ಎಷ್ಟು ಹತ್ತಿರ ಕಾಣುತ್ತೆ ನೋಡ್ರೀ ಎಂದು ಗಂಡನಿಗೆ ತೋರಿಸಿದಳು. ಅಪ್ಪ ಮೂಲೆಯಲ್ಲಿ ಹೊಲಿಯುತ್ತಿದ್ದ ಅವಳ ಅಮ್ಮನ ಕಡೆ ತಿರುಗಿ, "ನೋಡಮ್ಮ, ಇವ್ರು ಮುಂದಿನ್ ವಾರ ಬತ್ತಾರೆ. ಅಷ್ಟ್ರಲ್ಲಿ ಸಾಮಾನು ಎತ್ಬುಡಿ" ಅಂದರು. ಯಂತ್ರದ ಸದ್ದು ನಿಂತಿತು. ಅವಳು ಅಮ್ಮನ ಪಕ್ಕ ಬ್ಲೌಸೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಲಿಲ್ಲ.

"ಅಪ್ಪ, ಮೇಲಿನ ಮನೆ ಬಾಡಿಗೆಗಿಲ್ಲ," ಅಂದೆ.

"ಏನಂದೆ?"

"ಬಾಡಿಗೆಗಿಲ್ಲ. ಇಲ್ಲಿ ಜನ ಇದಾರೆ."

ಅಪ್ಪ ಬಂದವರ ಮುಂದೆ ನಕ್ಕು, "ಇಬ್ರೂ ಫ್ರೆಂಡ್ಸು. ಅದ್ಕೆ ಇಂಗಾಡ್ತಾಳೆ" ಅಂದರು.

"ಫ್ರೆಂಡ್ಸ್ ಅಲ್ಲ," ಅಂದೆ. "ನಾನು ಇವಳನ್ನ ಪ್ರೀತಿಸ್ತೀನಿ. ಆವತ್ತು ಇವಳೊಬ್ಳೇ ಮರ್ತಿದ್ದಲ್ಲ. ಇಬ್ರೂ ಒಟ್ಟಿಗೆ ಕೂತಿದ್ವಿ, ಇಬ್ರಿಗೂ ಟ್ಯಾಂಕ್ ನೆನಪೇ ಬರ್ಲಿಲ್ಲ. ಬೈಯೋದಾದ್ರೆ ಇಬ್ರಿಗೂ ಬೈಯಿ. ಖಾಲಿ ಮಾಡ್ಸೋದಾದ್ರೆ ಇಬ್ರನ್ನೂ ಮಾಡ್ಸು."

ಹೊಸ ಗಂಡ ಶೀಟಿನಲ್ಲಿ ಎಲ್ಲಾದರೂ ತೂತಿದೆಯೇ ಎಂದು ನೋಡತೊಡಗಿದ. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳು ಮಡಿಲಿನ ಬ್ಲೌಸನ್ನು ಪಕ್ಕಕ್ಕಿಟ್ಟು ಎದ್ದು ಬಂದು ನನ್ನ ಪಕ್ಕ ನಿಂತಳು.

"ನಂದೂ ಅದೇ ಮಾತು ಸಾರ್," ಅಂದಳು. "ನಾನೂ ಇವಳನ್ನ ಪ್ರೀತಿಸ್ತೀನಿ."

ಅಪ್ಪನ ಮುಖದಲ್ಲಿ ನಗು ಇನ್ನೂ ಅರ್ಧ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಹೊಸ ಹುಡುಗಿ ಗಂಡನ ತೋಳು ಜಗ್ಗಿ, "ನಡೀರಿ, ಬೇರೆ ಕಡೆ ನೋಡೋಣ" ಅಂದಳು. ಮೆಟ್ಟಿಲ ತಿರುವಿನಲ್ಲಿ ನಿಂತು ನಮ್ಮಿಬ್ಬರನ್ನೂ ಒಂದು ಸಲ ನೋಡಿ ನಕ್ಕು ಹೋದಳು. ಆ ಹುಡುಗಿ ಎಲ್ಲಿದ್ದಾಳೋ ಚೆನ್ನಾಗಿರಲಿ.

"ನಾಳೆನೇ ಜಾಗ ಖಾಲಿ ಆಗ್ಬೇಕು," ಅಂದರು ಅಪ್ಪ, ಅವಳ ಅಮ್ಮನಿಗೆ.

ಅವಳ ಅಮ್ಮ ದಾರವನ್ನು ಹಲ್ಲಿನಿಂದ ಕಡಿದು ಎದ್ದು ನಿಂತರು. ಅಪ್ಪನ ಮುಂದೆ ಅವರು ತಲೆಯೆತ್ತಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಾಡ್ತೀವಿ ಸಾರ್. ಮನೆ ನಿಮ್ದು, ಬಿಡು ಅಂದ್ರೆ ಬಿಡ್ತೀವಿ. ಮಗಳು ನನ್ನವಳು. ಅವಳನ್ನ ಯಾರ್ ಇಷ್ಟಪಡ್ಬೇಕು ಅನ್ನೋದಕ್ಕೆ ನೀವು ಓನರ್ ಅಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಾವು ಎಲ್ಲೇ ಇದ್ರೂ ನೀನು ಬಾರಮ್ಮ" ಅಂದರು.

ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. "ಹುಕ್ ಹಾಕಕ್ಕೆ ಬರ್ದೇ ಇರೋಳು ದಿನಾ ಹುಕ್ ಹಾಕಕ್ಕೆ ಅಂತ ಹತ್ಕೊಂಡು ಬಂದ್ರೆ ಗೊತ್ತಾಗಲ್ವಾ?" ಅಂದರು.

ಕೆಳಗೆ ನಮ್ಮ ಮನೆಯಲ್ಲಿ ಆಗಬೇಕಾದ್ದೆಲ್ಲ ಆಯಿತು. ಅಪ್ಪ ಮಾನ ಮರ್ಯಾದೆ ಎಂದು ಕಿರುಚಾಡಿದರು, ಫೋನ್ ಕಿತ್ತುಕೊಂಡರು, ಆಮೇಲೆ ಮಾತೇ ಬಿಟ್ಟರು. ಅಮ್ಮ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಯಾವತ್ತಿಂದ ಇದು?" ಎಂದು ಕೇಳಿದಳು. "ಬೋರ್ ಬತ್ತೋಕ್ ಮುಂಚೆಯಿಂದ" ಅಂದೆ. ಚಕ್ಕುಲಿ ನೆನಪಾಯಿತೋ ಏನೋ, ಹಣೆ ಚಚ್ಚಿಕೊಂಡಳು.

ಸುದ್ದಿ ಬೀದಿಗೆ ಇಳಿಯಲು ಹೊತ್ತಾಗಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ಆಡಿಕೊಂಡರು. ಆದರೆ ಬ್ಲೌಸ್ ಕೊಡುವುದನ್ನು ಒಬ್ಬರೂ ನಿಲ್ಲಿಸಲಿಲ್ಲ. ಅಳತೆ ತಪ್ಪದೆ ಹೊಲಿಯುವವರು ಬೆಂಗಳೂರಿನಲ್ಲಿ ಸುಲಭಕ್ಕೆ ಸಿಗುತ್ತಾರೆಯೇ? ಮೂರ್ನಾಲ್ಕು ಜನ ಗೇಟಿಗೇ ಬಂದು, "ಅಣ್ಣ, ಮದುವೆ ಬ್ಲೌಸ್ ಅವ್ರತ್ರ ಸಿಕ್ಕಾಕ್ಕೊಂಡಿದೆ, ಅದು ಮುಗಿಯೋಗಂಟ ಇರ್ಲಿ" ಎಂದು ಅಪ್ಪನನ್ನು ಹಿಡಿದುಕೊಂಡರು. ಹೆಂಗಸರ ಗುಂಪಿನ ಮುಂದೆ ಅಪ್ಪನ 'ನಾಳೆ' ಮುಂದಕ್ಕೆ ಹೋಯಿತು. ಆ ಗುಂಪಿನಲ್ಲೇ ಒಬ್ಬರು ರೈಲು ಹಳಿಯ ಆಚೆಗಿರುವ ತಮ್ಮ ಅಕ್ಕನ ಮನೆಯ ಹಿಂಭಾಗ ಕೊಡಿಸಿದರು. ಶೀಟಲ್ಲ, ಆರ್‌ಸಿಸಿ ತಾರಸಿಯ ಎರಡು ಕೋಣೆ, ಹೊಲಿಗೆ ಯಂತ್ರಕ್ಕೆ ಅಡ್ಡಿಯಿಲ್ಲ, ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಚಿಂತಾಮಣಿಯ ಮಾವನಿಗೆ ಅಂಗಡಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿಕೋ ಎಂದು ಫೋನು ಹೋಯಿತು.

ಇದೆಲ್ಲ ಆಗಿ ವರ್ಷಗಳಾದವು. ಈಗ ನಾವಿಬ್ಬರೂ ದುಡಿಯುತ್ತೇವೆ, ಯಲಹಂಕದಲ್ಲಿ ಒಂದೇ ಮನೆಯಲ್ಲಿದ್ದೇವೆ. ಅಮ್ಮ ಬಂದು ಹೋಗುತ್ತಾಳೆ. ಅಪ್ಪ ಇನ್ನೂ ಬಂದಿಲ್ಲ, ಆದ್ದರಿಂದ ಎಲ್ಲ ಸುಖಾಂತ್ಯವಾಯಿತು ಎಂದು ನಾನು ಬರೆಯುವುದಿಲ್ಲ. ಇಲ್ಲಿಯತನಕ ಬರೆದದ್ದನ್ನು ಓದಿದ ಇವಳು, "ನೀನೊಬ್ಳೇ ಗೆದ್ದಂಗೆ ಬರ್ದಿದ್ಯಲ್ಲೇ, ನಾನೇನು ಸುಮ್ನೆ ನಿಂತಿದ್ನಾ?" ಎಂದು ಮುನಿಸಿಕೊಂಡಿದ್ದಾಳೆ. ಅವಳಿಗಾಗಿ ಅವರು ಮನೆ ಬಿಟ್ಟ ದಿನದ್ದನ್ನೂ ಬರೆಯುತ್ತೇನೆ.

ಬೆಳಗ್ಗೆಯೇ ಲಗೇಜ್ ಆಟೋ ಬಂದು ಗೇಟಿನ ಮುಂದೆ ನಿಂತಿತು. ಬೀದಿಯ ಅರ್ಧ ಜನ ಕೆಲಸವಿಲ್ಲದೆ ಹೊರಗೆ ನಿಂತಿದ್ದರು. ಅಪ್ಪ ವರಾಂಡದಲ್ಲಿ ನಿಂತಿದ್ದರು. ನಾನು ಯಾರ ಅಪ್ಪಣೆಯನ್ನೂ ಕೇಳದೆ ಮೇಲಿಂದ ಪಾತ್ರೆಯ ಮೂಟೆ, ಹಾಸಿಗೆ ಸುರುಳಿ ಹೊತ್ತು ಇಳಿಸಿದೆ. ಹೊಲಿಗೆ ಯಂತ್ರವನ್ನು ನಾನೂ ಅವಳೂ ಎರಡು ಕಡೆ ಹಿಡಿದು ಅಷ್ಟೂ ಮೆಟ್ಟಿಲು ಇಳಿಸಿದೆವು. ಅಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಹಾಲಿನ ಪ್ಯಾಕೆಟ್ಟು ತಂದಳು. ಅಪ್ಪ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ಸೆರಗಿನಿಂದ ಹೊರತೆಗೆದು ಅವಳ ಕೈಗೇ ಕೊಟ್ಟಳು.

"ಒಸ ಮನೇಲಿ ಮೊದ್ಲು ಆಲು ಉಕ್ಕಿಸ್ಬೇಕು. ಬರಿಗೈಲಿ ಓಗ್ಬಾರ್ದು."

ಅವಳ ಅಮ್ಮ ನಮ್ಮಮ್ಮನ ಕೈ ಒತ್ತಿದರು. ಹಗ್ಗ ಬಿಗಿದು ಮುಗಿಸಿದ ಆಟೋದವನು, "ಎಷ್ಟ್ ಜನ ಬರ್ತೀರಮ್ಮ?" ಎಂದು ಕೇಳಿದ.

ಅವಳ ಅಮ್ಮ ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದಳು. ನೇರವಾಗಿ ವರಾಂಡದ ಕಡೆ ನೋಡಿದಳು, ಆಮೇಲೆ ಆಟೋದವನ ಕಡೆ ತಿರುಗಿದಳು.

"ಮೂರ್ ಜನ," ಅಂದಳು. "ಅಮ್ಮ ಮುಂದೆ ಕೂರ್ತಾಳೆ, ನಾವಿಬ್ರು ಹಿಂದೆ."

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಾಸಿಗೆ ಸುರುಳಿಯ ಮೇಲೆ ಹತ್ತಿ ಕೂತು, ಅವಳಿಗೆ ಕೈ ಕೊಟ್ಟು ಎಳೆದುಕೊಂಡೆ.